ಓಡುವಾಗ ಬೀಳುವ ಮಕ್ಕಳು, ನಿದ್ದೆಯಲ್ಲೇ ಹೋಗುವ ಹರೆಯದವರು: ವಂಶದಲ್ಲಿ ಬರುವ ಹೃದಯಬಡಿತದ ದೋಷಗಳ ಬಗ್ಗೆ ಚರ್ಚೆ

ಶರಾವತಿ ಕಣಿವೆ · ಶಾಲಾ ಆರೋಗ್ಯ, ಸಾಗರ

2025ರ ಮಳೆಗಾಲದಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಎದ್ದ ಮೇಲೆ ನಮ್ಮ ಕಡೆಯೂ ಜನ ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಓಡಿಸುತ್ತಾ ತೆಗೆಯುವ ಇಸಿಜಿ) ಅಂತ ಓಡಾಡುತ್ತಿದ್ದಾರೆ. ಜೊತೆಗೆ ಲ್ಯಾಬ್‌ಗಳ ಜಾಹೀರಾತು ಬೇರೆ, ಜೀನ್ ಪರೀಕ್ಷೆ ಮಾಡಿಸಿಕೊಳ್ಳಿ ಅಂತ. ಮಕ್ಕಳ ಮನೆಯವರು ಕೇಳುವುದು ಎರಡೇ ಪ್ರಶ್ನೆ: ಇದು ವಂಶದಲ್ಲಿ ಬರುವುದಾ? ಬಂದಿದ್ದರೆ ನಮ್ಮ ಮಗುವಿಗೂ ಇದೆಯಾ ಅಂತ ತಿಳಿಯುವುದು ಹೇಗೆ? ರಕ್ತನಾಳ ಕಟ್ಟಿ ಆಗುವ ಹೃದಯಾಘಾತ ಇಲ್ಲಿ ಬೇಡ, ಬಡಿತ ತಪ್ಪುವ ಕಾಯಿಲೆಗಳ ಬಗ್ಗೆ ಮಾತ್ರ ತಿಳಿದವರು ಬಿಡಿಸಿ ಬರೆಯಿರಿ. ತಾಲ್ಲೂಕು ಆಸ್ಪತ್ರೆಯಲ್ಲೇ ಎಷ್ಟು ಮಾಡಿಸಬಹುದು ಅನ್ನುವುದೂ ಇರಲಿ. ಆಶಾ ಕಾರ್ಯಕರ್ತೆಯರಿಗೆ, ಮೇಷ್ಟ್ರುಗಳಿಗೆ ಉಪಯೋಗವಾಗುವ ಹಾಗೆ.

ಕುಂದಾದ್ರಿ · ವೈದ್ಯ, ತೀರ್ಥಹಳ್ಳಿ

ಎರಡನ್ನೂ ಬೇರೆ ಮಾಡಿ ಕೇಳಿದ್ದು ಒಳ್ಳೆಯದಾಯಿತು ಮೇಡಂ. 50 ದಾಟಿದವರ ಹಠಾತ್ ಸಾವಿಗೆ ಬಹುಪಾಲು ಕಾರಣ ರಕ್ತನಾಳ ಕಟ್ಟುವುದು. ಅಲ್ಲಿ ಸಕ್ಕರೆ, ಬಿಪಿ, ಬೀಡಿ, ಗುಟ್ಕಾ, ಕೊಲೆಸ್ಟರಾಲ್ ನೋಡಬೇಕು. 35ರ ಒಳಗಿನವರು ಓಡುವಾಗ, ಈಜುವಾಗ, ಬೆಚ್ಚಿಬಿದ್ದಾಗ ಅಥವಾ ನಿದ್ದೆಯಲ್ಲಿ ಹೋದರೆ ಆಗ ವಂಶದ ಕಾಯಿಲೆ ಇದೆಯಾ ಎಂಬ ಪ್ರಶ್ನೆ ಮೊದಲು ಬರಬೇಕು.

ಹೃದಯದ ಜೀವಕೋಶದ ಗೋಡೆಯಲ್ಲಿ ಅಯಾನ್ ಚಾನೆಲ್‌ಗಳಿರುತ್ತವೆ, ಕೆರೆಯ ತೂಬಿನ ಹಾಗೆ. ತೆರೆಯುವ ಹೊತ್ತಿಗೆ ತೆರೆಯಬೇಕು, ಮುಚ್ಚುವ ಹೊತ್ತಿಗೆ ಮುಚ್ಚಬೇಕು. ಸೋಡಿಯಂ ಒಳಗೆ ನುಗ್ಗಿದಾಗ ಬಡಿತ ಶುರು, ಕ್ಯಾಲ್ಸಿಯಂ ಬಂದಾಗ ಸ್ನಾಯು ಕುಗ್ಗುತ್ತದೆ, ಪೊಟ್ಯಾಸಿಯಂ ಹೊರಗೆ ಹೋದ ಮೇಲೆ ಕೋಶ ಮುಂದಿನ ಬಡಿತಕ್ಕೆ ಅಣಿಯಾಗುತ್ತದೆ. ಈ ಚಾನೆಲ್ ಪ್ರೋಟೀನ್‌ಗಳನ್ನು ಹೇಗೆ ಕಟ್ಟಬೇಕು ಎಂಬುದು ಜೀನ್‌ಗಳಲ್ಲಿದೆ. ಅಲ್ಲಿ ಒಂದಕ್ಷರ ತಪ್ಪಿದರೂ ಸಾಕು. ಎಕೋದಲ್ಲಿ ಹೃದಯ ಪೂರ್ತಿ ಸರಿಯಾಗಿಯೇ ಕಾಣುತ್ತದೆ, ಆದರೆ ವಿದ್ಯುತ್ ಹರಿವು ಕೆಟ್ಟಿರುತ್ತದೆ. 'ಎಕೋ ನಾರ್ಮಲ್, ಹೆದರಬೇಡಿ' ಎಂದು ಮನೆಗೆ ಕಳಿಸಿದ ಮಗುವಿಗೂ ಈ ಕಾಯಿಲೆ ಇರಬಹುದು.

ಹೆಚ್ಚಾಗಿ ಕಾಣುವುದು ಲಾಂಗ್ ಕ್ಯೂಟಿ ಸಿಂಡ್ರೋಮ್, ಸುಮಾರು 2000 ಜನರಲ್ಲಿ ಒಬ್ಬರಿಗೆ. ಒಂದು ಬಡಿತದ ವಿದ್ಯುತ್ ಶುರುವಾಗಿ ಅಡಗುವವರೆಗಿನ ಹೊತ್ತನ್ನು ಇಸಿಜಿಯಲ್ಲಿ ಕ್ಯೂಟಿ ಎನ್ನುತ್ತಾರೆ, ಇಲ್ಲಿ ಅದು ಉದ್ದವಾಗಿರುತ್ತದೆ. ಮುಖ್ಯವಾಗಿ ಮೂರು ಜೀನ್. 11ನೇ ವರ್ಣತಂತುವಿನ ಕೆಸಿಎನ್‌ಕ್ಯೂ1 ಕೆಟ್ಟರೆ ಮೊದಲ ಬಗೆ, 7ನೆಯದರ ಕೆಸಿಎನ್‌ಎಚ್2 ಕೆಟ್ಟರೆ ಎರಡನೆಯದು. ಎರಡರಲ್ಲೂ ಪೊಟ್ಯಾಸಿಯಂ ಹೊರಹೋಗುವುದು ನಿಧಾನವಾಗುತ್ತದೆ. 3ನೆಯದರ ಎಸ್‌ಸಿಎನ್5ಎ ಕೆಟ್ಟು ಸೋಡಿಯಂ ತೂಬು ಪೂರ್ತಿ ಮುಚ್ಚದೆ ಸೋರುತ್ತಿದ್ದರೆ ಮೂರನೆಯ ಬಗೆ. 1995–96ರಲ್ಲಿ ಮಾರ್ಕ್ ಕೀಟಿಂಗ್ ಅವರ ತಂಡ ಈ ಮೂರನ್ನೂ ಗುರುತಿಸಿತು. ಯಾವ ಜೀನ್ ಎಂಬುದರ ಮೇಲೆ ಯಾವಾಗ ಅಪಾಯ ಎಂಬುದೂ ಬದಲಾಗುತ್ತದೆ, ಮನೆಯವರು ತಿಳಿದಿರಬೇಕಾದ್ದು ಇದನ್ನೇ. ಮೊದಲ ಬಗೆಯವರಿಗೆ ಓಟ, ಅದರಲ್ಲೂ ಈಜು. ಎರಡನೆಯವರಿಗೆ ತಟ್ಟನೆ ಬರುವ ಶಬ್ದ: ಅಲಾರಂ, ಫೋನ್ ರಿಂಗ್, ಮಂಗ ಓಡಿಸಲು ಹೊಡೆಯುವ ಪಟಾಕಿ. ಮೂರನೆಯವರಿಗೆ ನಿದ್ದೆ, ವಿಶ್ರಾಂತಿ.

ಎಸ್‌ಸಿಎನ್5ಎ ಜೀನ್ ಸೋರುವ ಬದಲು ಕೆಲಸವನ್ನೇ ಕಡಿಮೆ ಮಾಡಿದರೆ ಬ್ರುಗಾಡಾ ಸಿಂಡ್ರೋಮ್ (ಹೆಚ್ಚಾಗಿ ನಿದ್ದೆಯಲ್ಲಿ, ಜ್ವರದಲ್ಲಿ ಬಡಿತ ತಪ್ಪುವ ಕಾಯಿಲೆ) ಆಗಬಹುದು, ಇಲ್ಲವೇ ಮೇಲಿನಿಂದ ಕೆಳಗೆ ವಿದ್ಯುತ್ ಸಾಗುವ ದಾರಿ ವರ್ಷ ಕಳೆದಂತೆ ಕಟ್ಟಿ ಪೇಸ್‌ಮೇಕರ್ ಬೇಕಾಗಬಹುದು. ಜೀನ್ ಒಂದೇ, ಕಾಯಿಲೆ ಮೂರು. ಹಾಗಾಗಿ 'ಎಸ್‌ಸಿಎನ್5ಎ ಪಾಸಿಟಿವ್' ಎಂಬ ಒಂದು ಸಾಲಿನ ವರದಿ ಹಿಡಿದು ಚಿಕಿತ್ಸೆ ಶುರುಮಾಡಲು ಬರುವುದಿಲ್ಲ. ಯಾವ ಬದಲಾವಣೆ, ಅದರಿಂದ ಚಾನೆಲ್ಲಿಗೆ ಏನಾಗುತ್ತದೆ, ಇಸಿಜಿಯಲ್ಲಿ ಏನು ಕಾಣುತ್ತಿದೆ, ಮೂರೂ ಬೇಕು.

ಶರಾವತಿ ಕಣಿವೆ

ಸರ್, ಶಾಲೆಯಲ್ಲಿ ಮಗು ಬಿದ್ದರೆ ಎಲ್ಲರೂ 'ಫಿಟ್ಸ್' ಅಂತಲೇ ಬರೆದುಬಿಡುತ್ತಾರೆ. ನೋಡಿದ ತಕ್ಷಣ ಬೇರೆ ಮಾಡುವುದು ಹೇಗೆ?

ಕುಂದಾದ್ರಿ

ಬಿದ್ದದ್ದು ಯಾವಾಗ ಎಂದು ಮೊದಲು ಕೇಳಿ. ಓಟದ ನಡುವೆ, ನೀರಿಗೆ ಧುಮುಕಿದ ಕೂಡಲೇ, ಗಂಟೆ ಬಾರಿಸಿದ ಕೂಡಲೇ ಬಿದ್ದಿದ್ದರೆ ಹೃದಯದ ಕಡೆ ನೋಡಬೇಕು. ಮುನ್ಸೂಚನೆ ಇಲ್ಲದೆ ಬೀಳುವುದು, ಮುಖ ಬಿಳಿಚಿಕೊಳ್ಳುವುದು, ಒಂದೆರಡು ನಿಮಿಷದಲ್ಲಿ ಎದ್ದು ಸರಿಯಾಗಿ ಮಾತಾಡುವುದು ಬಡಿತದ ದೋಷದ ಕಡೆಗೆ ಬೆರಳು ಮಾಡುತ್ತದೆ. ನಾಲಿಗೆಯ ಪಕ್ಕ ಕಚ್ಚಿಕೊಂಡದ್ದು, ಎದ್ದ ಮೇಲೂ ಬಹಳ ಹೊತ್ತು ಮಂಕು, ಗೊಂದಲ ಇದ್ದರೆ ಅಪಸ್ಮಾರದ ಕಡೆಗೆ. ಕೈಕಾಲು ಅದುರಿದ್ದನ್ನೇ ನೋಡಿ ತೀರ್ಮಾನ ಮಾಡಬೇಡಿ. ಮೆದುಳಿಗೆ ಹತ್ತಿಪ್ಪತ್ತು ಸೆಕೆಂಡು ರಕ್ತ ಹೋಗದಿದ್ದರೂ ಕೈಕಾಲು ಅದುರುತ್ತದೆ. ಯಾವ ಮಗುವಿಗಾದರೂ ಮೊದಲ ಸಲ ಫಿಟ್ಸ್ ಬಂತು ಎಂದರೆ ಮಾತ್ರೆ ಶುರುಮಾಡುವ ಮೊದಲು 12 ಲೀಡಿನ ಒಂದು ಇಸಿಜಿ ಆಗಲೇಬೇಕು. ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗಿಯೂ ನಿಲ್ಲದ 'ಫಿಟ್ಸ್' ಇದ್ದರೆ ಅವರಿಗೂ ಆಗಬೇಕು.

ಇನ್ನೊಂದು ಕಾಯಿಲೆ ಇಸಿಜಿಗೂ ಸಿಗುವುದಿಲ್ಲ, ಸಿಪಿವಿಟಿ. ಕೂತಾಗ ತೆಗೆದ ಪಟ್ಟಿ ಪೂರ್ತಿ ಸರಿ ಇರುತ್ತದೆ. ಆರ್‌ವೈಆರ್2 ಎಂಬ ಜೀನ್ ಕೆಟ್ಟು, ಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಸೋರುತ್ತದೆ. ಅಡ್ರಿನಲಿನ್ ಏರಿದಾಗ ಮಾತ್ರ ತೊಂದರೆ. ಟಿಎಂಟಿಯಲ್ಲಿ ಬಡಿತ 110–130 ದಾಟುತ್ತಿದ್ದಂತೆ ಒಂದೊಂದೇ ತಪ್ಪು ಬಡಿತ ಶುರುವಾಗಿ, ವೇಗ ಏರಿದಂತೆ ಜೋಡಿಯಾಗಿ, ಸಾಲಾಗಿ, ಒಂದು ಮೇಲಕ್ಕೆ ಒಂದು ಕೆಳಕ್ಕೆ ಮುಖಮಾಡಿ ಬರುತ್ತವೆ. ನಿಂತರೆ ಹೋಗುತ್ತವೆ. ಓಡುವಾಗ ಬಿದ್ದ ಮಗುವಿಗೆ ಟಿಎಂಟಿ ಬೇಕೇ ಬೇಕು ಎನ್ನುವುದು ಇದಕ್ಕೆ. ಮಾಡುವ ಕೋಣೆಯಲ್ಲಿ ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಕೈಗೆಟುಕುವಂತಿರಬೇಕು.

ಇಸಿಜಿ ಪಟ್ಟಿ · ತಂತ್ರಜ್ಞೆ, ಶಿವಮೊಗ್ಗ

ಕ್ಯೂಟಿ ಅಳೆಯುವುದರ ಬಗ್ಗೆ ಬರೆಯುತ್ತೇನೆ, ಏಕೆಂದರೆ ಎಡವಟ್ಟು ಹೆಚ್ಚಾಗುವುದು ಅಲ್ಲೇ. ಮೆಷಿನ್ ಮೇಲ್ಗಡೆ ಮುದ್ರಿಸುವ ಕ್ಯೂಟಿಸಿ (ಬಡಿತದ ವೇಗಕ್ಕೆ ಸರಿಹೊಂದಿಸಿದ ಕ್ಯೂಟಿ) ನಂಬಿ ಕೂರಬೇಡಿ, ಕೈಯಲ್ಲಿ ಒಮ್ಮೆ ಅಳೆಯಿರಿ. ಪಟ್ಟಿ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಇರಬೇಕು. ಆಗ ಒಂದು ಸಣ್ಣ ಚೌಕ ಎಂದರೆ 40 ಮಿಲಿಸೆಕೆಂಡ್. ಲೀಡ್ 2 ಅಥವಾ ವಿ5 ತೆಗೆದುಕೊಳ್ಳಿ. ಕ್ಯೂ ಶುರುವಾದಲ್ಲಿಂದ ಟಿ ಅಲೆ ಮುಗಿಯುವವರೆಗೆ. ಟಿ ಎಲ್ಲಿ ಮುಗಿಯಿತು ಎಂದು ಅನುಮಾನ ಬಂದರೆ, ಟಿ ಇಳಿಜಾರಿನ ಅತಿ ಕಡಿದಾದ ಭಾಗಕ್ಕೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಅದು ತಳರೇಖೆಗೆ ಮುಟ್ಟಿದ ಜಾಗವೇ ಕೊನೆ. ಹಿಂದೆ ಬರುವ ಸಣ್ಣ ಯು ಅಲೆಯನ್ನು ಸೇರಿಸಬಾರದು.

ಉದಾಹರಣೆಗೆ ಕ್ಯೂಟಿ 11 ಸಣ್ಣ ಚೌಕ, ಅಂದರೆ 440 ಮಿಲಿಸೆಕೆಂಡ್. ಎರಡು ಬಡಿತದ ನಡುವೆ 20 ಚೌಕ, 0.8 ಸೆಕೆಂಡ್, ನಿಮಿಷಕ್ಕೆ 75 ಬಡಿತ. ಬ್ಯಾಜೆಟ್ ಸೂತ್ರದಲ್ಲಿ 440ನ್ನು 0.8ರ ವರ್ಗಮೂಲ 0.894ರಿಂದ ಭಾಗಿಸಿದರೆ 492. ಇದು ನಿಜವಾಗಿ ಉದ್ದ. ಈಗ ಜ್ವರ ಬಂದು ಹೆದರಿದ ಮಗು ನೋಡಿ: ಬಡಿತ 100, ಕ್ಯೂಟಿ 360. ಬ್ಯಾಜೆಟ್ ಹೇಳುವುದು 465. ಫ್ರಿಡೆರಿಸಿಯಾ ಸೂತ್ರದಲ್ಲಿ, ಅಂದರೆ 0.6ರ ಘನಮೂಲದಿಂದ ಭಾಗಿಸಿದರೆ, 427. ಬಡಿತ ಜೋರಿದ್ದಾಗ ಬ್ಯಾಜೆಟ್ ಹೆಚ್ಚು ತೋರಿಸುತ್ತದೆ, ನಿಧಾನ ಇದ್ದಾಗ ಕಡಿಮೆ ತೋರಿಸುತ್ತದೆ. ಜ್ವರದ ಹೊತ್ತಿನ ಒಂದು ಪಟ್ಟಿ ನೋಡಿ ಮಗುವಿಗೆ ಕಾಯಿಲೆಯ ಹಣೆಪಟ್ಟಿ ಅಂಟಿಸುವ ಮೊದಲು, ಜ್ವರ ಇಳಿದ ಮೇಲೆ 60–80 ಬಡಿತ ಇರುವಾಗ ಮತ್ತೆ ತೆಗೆಯಿರಿ.

ಗಂಡಸರಿಗೆ 450, ಹೆಂಗಸರಿಗೆ 460ರವರೆಗೆ ಸಾಮಾನ್ಯ ಎಂದು ಲೆಕ್ಕ. ಬೇರೆ ಕಾರಣ ಇಲ್ಲದೆ ಮತ್ತೆ ಮತ್ತೆ 480 ಮತ್ತು ಮೇಲೆ ಬಂದರೆ ಲಾಂಗ್ ಕ್ಯೂಟಿ. ಕಾರಣವಿಲ್ಲದ ಮೂರ್ಛೆಯೂ ಇದ್ದರೆ 460ಕ್ಕೇ ಗಂಭೀರವಾಗಿ ನೋಡಬೇಕು. 500 ದಾಟಿದರೆ ಅಪಾಯ ಜಾಸ್ತಿ. ಟಿಎಂಟಿ ಮಾಡುವವರು ಓಟ ನಿಲ್ಲಿಸಿದ ಕೂಡಲೇ ವೈರ್ ಕಿತ್ತುಬಿಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ವಿಶ್ರಾಂತಿಯ 4ನೇ ನಿಮಿಷದ ಕ್ಯೂಟಿಸಿ 480 ದಾಟಿದರೆ ಅದೇ ಒಂದು ದೊಡ್ಡ ಸುಳಿವು, ಮೊದಲ ಬಗೆ ಬಯಲಾಗುವುದು ಬಹಳ ಸಲ ಆಗಲೇ.

ಬ್ರುಗಾಡಾ ಅನುಮಾನ ಇದ್ದರೆ ವಿ1, ವಿ2 ಲೀಡುಗಳನ್ನು ಮಾಮೂಲಿ 4ನೇ ಪಕ್ಕೆಲುಬಿನ ಸಂದಿಯಲ್ಲಿ ಒಮ್ಮೆ, 3ನೆಯದರಲ್ಲಿ ಒಮ್ಮೆ, 2ನೆಯದರಲ್ಲಿ ಒಮ್ಮೆ ಇಟ್ಟು ತೆಗೆದು, ಪಟ್ಟಿಯ ಮೇಲೆ ಜಾಗ ಬರೆಯಿರಿ. ಎಸ್‌ಟಿ ಭಾಗ 2 ಮಿಲಿಮೀಟರ್ ಅಥವಾ ಹೆಚ್ಚು ಎದ್ದು, ಕಮಾನಿನಂತೆ ಇಳಿದು, ಟಿ ತಲೆಕೆಳಗಾದರೆ ಅದು ಬ್ರುಗಾಡಾದ ಟೈಪ್ 1 ಗುರುತು. ಬರಿದೇ ಮೇಲೆ ಇಟ್ಟು ಜಾಗ ಬರೆಯದೆ ಬಿಟ್ಟರೆ ಮುಂದೆ ನೋಡುವವರಿಗೆ ದಾರಿ ತಪ್ಪುತ್ತದೆ.

ಭದ್ರಾ ನಾಲೆ · ಭದ್ರಾವತಿ

ಇಷ್ಟೆಲ್ಲ ಮಾಡುವ ಬದಲು ಮನೆಯವರೆಲ್ಲರ ಜೀನ್ ಒಂದೇ ಸಲ ಮಾಡಿಸಿದರೆ ಆಗುವುದಿಲ್ಲವಾ? ಈಗ ಎಂಜಲಿನ ಕಿಟ್ ಮನೆಗೇ ಬರುತ್ತದಲ್ಲ.

ವರದಾಮೂಲ · ಜೆನೆಟಿಕ್ ಕೌನ್ಸೆಲರ್

ಆಗುವುದಿಲ್ಲ ಸರ್. ಗಟ್ಟಿಯಾಗಿಯೇ ಹೇಳುತ್ತೇನೆ. ಪರೀಕ್ಷೆ ಶುರುವಾಗಬೇಕಾದ್ದು ಕಾಯಿಲೆ ಸ್ಪಷ್ಟವಾಗಿ ಕಾಣುವ ಒಬ್ಬರಿಂದ. ಕ್ಯೂಟಿ ಎಲ್ಲರಿಗಿಂತ ಉದ್ದ ಇರುವವರು, ಬಿದ್ದು ಎದ್ದವರು. ಆರೋಗ್ಯವಾಗಿರುವ ಅಣ್ಣನಿಗೆ ಮೊದಲು ಮಾಡಿಸಿ ಏನೂ ಸಿಗದಿದ್ದರೆ ಅರ್ಥವೇ ಇಲ್ಲ: ಆ ಮನೆಯ ದೋಷ ಯಾವುದೆಂದೇ ಗೊತ್ತಿಲ್ಲದಾಗ ಅವನಲ್ಲಿ ಅದು ಇಲ್ಲ ಎಂದು ಹೇಳುವುದು ಹೇಗೆ? ಕಿಟ್‌ಗಳಲ್ಲಿ ಹಲವು ಈ ಜೀನ್‌ಗಳ ಆಯ್ದ ಕೆಲವು ಜಾಗ ಮಾತ್ರ ನೋಡುತ್ತವೆ, ಪೂರ್ತಿ ಓದುವುದಿಲ್ಲ.

ಕ್ರಮ ಹೀಗೆ. ಮೊದಲು ಮೂರು ತಲೆಮಾರಿನ ವಂಶವೃಕ್ಷ. 40ರ ಒಳಗೆ ಹಠಾತ್ತಾಗಿ ಹೋದವರು, ಈಜು ಬರುತ್ತಿದ್ದೂ ಮುಳುಗಿದವರು, ಒಬ್ಬರೇ ಇದ್ದ ಗಾಡಿ ಕಾರಣವಿಲ್ಲದೆ ರಸ್ತೆ ಬಿಟ್ಟು ಸತ್ತವರು, ತೊಟ್ಟಿಲಲ್ಲೇ ಹೋದ ಕೂಸು, 'ಫಿಟ್ಸ್' ಎಂದು ಹೆಸರಾದವರು, ಚಿಕ್ಕ ವಯಸ್ಸಿಗೇ ಪೇಸ್‌ಮೇಕರ್ ಹಾಕಿಸಿಕೊಂಡವರು, ಹುಟ್ಟುಕಿವುಡರು, ಎಲ್ಲವನ್ನೂ ಬರೆಯಿರಿ. ಅಜ್ಜಿಯಂದಿರನ್ನು ಕೇಳಿದರೆ ಸಿಗುವಷ್ಟು ಫೈಲಿನಲ್ಲಿ ಸಿಗುವುದಿಲ್ಲ. ಆಮೇಲೆ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳ ಇಸಿಜಿ. ಅದಾದ ಮೇಲೆ ಕಾಯಿಲೆ ಇರುವವರ ರಕ್ತ 3–5 ಮಿಲಿಲೀಟರ್, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ. ಮೆಲ್ಲಗೆ ಎಂಟು ಹತ್ತು ಸಲ ತಿರುಗಿಸಬೇಕು, ಕುಲುಕಬಾರದು. ಫ್ರೀಜರಿನಲ್ಲಿ ಇಡಬಾರದು. ಜೊತೆಗೆ ಇಸಿಜಿ ಪ್ರತಿ ಮತ್ತು ವಂಶವೃಕ್ಷ ಕಳಿಸಿದರೆ ಓದುವವರಿಗೆ ಅರ್ಧ ಕೆಲಸ ಆದ ಹಾಗೆ. ವರದಿ ಬರಲು ಕೆಲವು ವಾರ ಬೇಕು.

ವರದಿಯಲ್ಲಿ ಐದು ದರ್ಜೆ ಇರುತ್ತವೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಖಚಿತವಾಗದ್ದು, ಬಹುಶಃ ನಿರಪಾಯ, ನಿರಪಾಯ. 2015ರಿಂದ ಈ ದರ್ಜೆಗಳೇ ಚಾಲ್ತಿಯಲ್ಲಿವೆ. ನಡುವಿನದು, 'ವಿಯುಎಸ್' ಎಂದು ಬರೆಯುವುದು, ಪಾಸಿಟಿವ್ ಅಲ್ಲ. ಅದನ್ನು ಹಿಡಿದು ಸಂಬಂಧಿಕರ ಪರೀಕ್ಷೆ, ಐಸಿಡಿ (ಬಡಿತ ತಪ್ಪಿದಾಗ ಶಾಕ್ ಕೊಡಲು ಮೈಯೊಳಗೆ ಹಾಕುವ ಯಂತ್ರ), ಮದುವೆ ಮುರಿಯುವುದು ಯಾವುದನ್ನೂ ಮಾಡಬಾರದು. ನಮ್ಮ ಜನರಲ್ಲಿ ವಿಯುಎಸ್ ಹೆಚ್ಚು ಬರುವುದಕ್ಕೆ ಒಂದು ಕಾರಣ, ಹೋಲಿಸಿ ನೋಡುವ ದತ್ತಾಂಶದಲ್ಲಿ ಬಹುಕಾಲ ಯುರೋಪ್ ಮೂಲದವರೇ ತುಂಬಿದ್ದು. ಜೀನೋಮ್ ಇಂಡಿಯಾ ಯೋಜನೆಯಲ್ಲಿ ದೇಶದ ಸುಮಾರು 10,000 ಜನರ ಜೀನೋಮ್ ಓದಿದ್ದಾರೆ, ಅದರ ಕೆಲಸ ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದದ್ದು. ಅಂಥ ದತ್ತಾಂಶ ಬಂದಂತೆ ಹಳೆಯ ವಿಯುಎಸ್‌ಗಳ ದರ್ಜೆ ಬದಲಾಗುತ್ತದೆ. ಒಂದೆರಡು ವರ್ಷಕ್ಕೊಮ್ಮೆ ಮರುಪರಿಶೀಲನೆ ಕೇಳಿ.

ಒಮ್ಮೆಗೇ ಹಲವು ಜೀನ್ ಓದುವ ಪರೀಕ್ಷೆಗೆ ಪ್ಯಾನೆಲ್ ಎನ್ನುತ್ತಾರೆ. ದೊಡ್ಡ ಪ್ಯಾನೆಲ್ ಎಂದರೆ ಒಳ್ಳೆಯ ಪ್ಯಾನೆಲ್ ಎಂದು ತಿಳಿಯಬೇಡಿ. ಯಾವ ಜೀನಿಗೂ ಯಾವ ಕಾಯಿಲೆಗೂ ನಂಟು ಎಂಬ ಸಾಕ್ಷ್ಯ ಪರಿಶೀಲಿಸುವ ಕ್ಲಿನ್‌ಜೆನ್ ತಜ್ಞರು 2018ರಲ್ಲಿ ಬ್ರುಗಾಡಾ ಎಂದು ಹೆಸರಿಸಿದ್ದ 21 ಜೀನ್ ಮರುಪರಿಶೀಲಿಸಿದಾಗ ಗಟ್ಟಿ ಸಾಕ್ಷ್ಯ ಉಳಿದದ್ದು ಎಸ್‌ಸಿಎನ್5ಎ ಒಂದಕ್ಕೆ. 2020ರಲ್ಲಿ ಲಾಂಗ್ ಕ್ಯೂಟಿಯ 17 ಜೀನ್‌ಗಳಲ್ಲಿ ಮಾಮೂಲಿ ಬಗೆಗೆ ಖಚಿತವಾಗಿ ನಿಂತದ್ದು ಕುಂದಾದ್ರಿ ಸರ್ ಹೇಳಿದ ಅದೇ ಮೂರು. ಬ್ರುಗಾಡಾದಲ್ಲಿ ಜೀನ್ ಸಿಗುವುದೇ ಐವರಲ್ಲಿ ಒಬ್ಬರಿಗೆ. ಸಿಗಲಿಲ್ಲ ಎಂದರೆ ಕಾಯಿಲೆ ಇಲ್ಲ ಎಂದಲ್ಲ.

ಖಚಿತ ರೋಗಕಾರಕ ಸಿಕ್ಕಿತು ಎಂದುಕೊಳ್ಳಿ. ಆಗ ಸಂಬಂಧಿಕರಿಗೆ ಆ ಒಂದು ಜಾಗ ಮಾತ್ರ ನೋಡಿದರೆ ಸಾಕು, ಖರ್ಚು ಎಷ್ಟೋ ಕಡಿಮೆ. ಜೀನ್ ಪರೀಕ್ಷೆ ತನ್ನ ಬೆಲೆ ತೋರಿಸುವುದು ಇಲ್ಲಿ. ಒಬ್ಬೊಬ್ಬ ಮಗುವಿಗೂ ಬರುವ ಸಾಧ್ಯತೆ 50%. ಲಾಂಗ್ ಕ್ಯೂಟಿಯ ಕೆಟ್ಟ ಜೀನ್ ಇದ್ದವರಲ್ಲಿ ಸುಮಾರು ಕಾಲುಭಾಗದವರ ಕ್ಯೂಟಿ ಸಾಮಾನ್ಯವಾಗೇ ಕಾಣುತ್ತದೆ. ಇಸಿಜಿ ಸರಿ ಇದೆ ಎಂದು ಅವರನ್ನು ಬಿಟ್ಟರೆ, ಮುಂದೆ ಯಾವುದೋ ಮಾತ್ರೆ ನುಂಗಿದಾಗ ತೊಂದರೆಯಾಗುತ್ತದೆ. ಆ ಕೆಟ್ಟ ಜೀನ್ ಬಂದಿಲ್ಲ ಎಂದಾದವರು ನಿಶ್ಚಿಂತರು, ಅವರ ಮಕ್ಕಳಿಗೂ ಆ ಭಯವಿಲ್ಲ.

ಶರಾವತಿ ಕಣಿವೆ

ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆ ಆಗಿರುವ ಮನೆಗಳ ಲೆಕ್ಕ ಹೇಗೆ ಮೇಡಂ?

ವರದಾಮೂಲ

ಜೀನಿನ ಒಂದು ಪ್ರತಿ ಅಪ್ಪನಿಂದ, ಒಂದು ಅಮ್ಮನಿಂದ ಬರುತ್ತದೆ. ಈಗ ಹೇಳಿದ ಮಾಮೂಲಿ ಬಗೆಗೆ ಒಂದು ಕೆಟ್ಟ ಪ್ರತಿ ಸಾಕು, ಅದಕ್ಕೂ ಸಂಬಂಧದೊಳಗಿನ ಮದುವೆಗೂ ನಂಟಿಲ್ಲ. ಎರಡೂ ಪ್ರತಿ ಕೆಟ್ಟರೆ ಬರುವ ಬಗೆಗೆ ಇದೆ. ಸೋದರಮಾವ–ಸೊಸೆಗೆ ಹುಟ್ಟುವ ಮಗುವಿನ ಜೀನ್‌ಗಳಲ್ಲಿ ಎಂಟರಲ್ಲಿ ಒಂದು ಪಾಲು ಎರಡೂ ಕಡೆಯಿಂದ ಒಂದೇ ಮೂಲದ್ದಾಗಿರುತ್ತದೆ, ಅತ್ತೆ-ಮಾವನ ಮಕ್ಕಳಲ್ಲಿ ಮದುವೆಯಾದರೆ ಹದಿನಾರರಲ್ಲಿ ಒಂದು.

ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಜೆರ್ವೆಲ್–ಲಾಂಗೆ ನೀಲ್ಸನ್ ಸಿಂಡ್ರೋಮ್, 1957ರಲ್ಲಿ ವರದಿಯಾದದ್ದು. ಕೆಸಿಎನ್‌ಕ್ಯೂ1 ಅಥವಾ ಕೆಸಿಎನ್‌ಇ1ರ ಎರಡೂ ಪ್ರತಿ ಕೆಟ್ಟಿರುತ್ತದೆ. ಒಳಗಿವಿಯ ದ್ರವಕ್ಕೂ ಇದೇ ಪೊಟ್ಯಾಸಿಯಂ ಚಾನೆಲ್ ಬೇಕು, ಹಾಗಾಗಿ ಮಗು ಹುಟ್ಟಿನಿಂದಲೇ ಎರಡೂ ಕಿವಿ ಕೇಳದು, ಕ್ಯೂಟಿ ಬಹಳ ಉದ್ದ, ಅಪಾಯ ಬಹಳ ಬೇಗ. ಹುಟ್ಟುಕಿವುಡಿನ ಪ್ರತಿ ಮಗುವಿಗೂ ಒಂದು ಇಸಿಜಿ ಆಗಬೇಕು, ಅದರಲ್ಲೂ ಕಾಕ್ಲಿಯರ್ ಇಂಪ್ಲಾಂಟಿನ ಅರಿವಳಿಕೆಗೆ ಮೊದಲು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಮಗುವನ್ನು ಕರೆದೊಯ್ಯುವವರು ಇಲ್ಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಪಟ್ಟಿ ತೆಗೆಸಿಕೊಂಡು ಹೋಗಬಹುದು. ಮಗುವಿಗೆ ಇದೆ ಎಂದಾದರೆ ಅಪ್ಪ ಅಮ್ಮ ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಹೊತ್ತವರು, ಅವರ ಕ್ಯೂಟಿಯನ್ನೂ ಅಳೆಯಬೇಕು. ಮುಂದಿನ ಪ್ರತಿ ಗರ್ಭಕ್ಕೂ 25% ಸಾಧ್ಯತೆ.

ಇದನ್ನು ಮನೆಯವರಿಗೆ ಹೇಳುವಾಗ 'ಮದುವೆ ತಪ್ಪಾಯಿತು' ಎಂಬ ದನಿ ಬೇಡ. ಆಗಿಹೋದ ಮದುವೆಯನ್ನು ದೂರಿದರೆ ಎರಡನೇ ಮಗುವಿನ ಇಸಿಜಿಗೆ ಅವರು ಬರುವುದೇ ಇಲ್ಲ.

ಹೊಸನಗರ ಔಷಧಿ · ಫಾರ್ಮಸಿಸ್ಟ್

ಔಷಧಿ ಅಂಗಡಿಯ ಕಡೆಯಿಂದ ಸೇರಿಸುತ್ತೇನೆ. ಕೆಸಿಎನ್‌ಎಚ್2 ಚಾನೆಲ್ಲನ್ನು ಎಷ್ಟೋ ಮಾಮೂಲಿ ಮಾತ್ರೆಗಳು ಕಟ್ಟಿಹಾಕುತ್ತವೆ. ಲಾಂಗ್ ಕ್ಯೂಟಿ ಇದ್ದವರು ಬಿಡಬೇಕಾದ್ದರಲ್ಲಿ ನಮ್ಮಲ್ಲಿ ದಿನಾ ಖರ್ಚಾಗುವವು: ಗಂಟಲುನೋವಿಗೆ ಕೊಡುವ ಅಜಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್, ಬೇಧಿಗೆ, ಉರಿಮೂತ್ರಕ್ಕೆ ಕೊಡುವ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ವಾಂತಿಗೆ ಓಂಡಾನ್‌ಸೆಟ್ರಾನ್, ಡೊಂಪೆರಿಡೋನ್, ಶಿಲೀಂಧ್ರಕ್ಕೆ ಫ್ಲುಕೊನಜೋಲ್, ಹೈಡ್ರಾಕ್ಸಿಕ್ಲೋರೋಕ್ವಿನ್, ಹ್ಯಾಲೊಪೆರಿಡಾಲ್. ಗ್ಯಾಸಿನ ಮಾತ್ರೆಯಲ್ಲೂ ಅಡಗಿರುತ್ತದೆ: ಪ್ಯಾನ್-40ರಲ್ಲಿ ಪ್ಯಾಂಟೊಪ್ರಜೋಲ್ ಮಾತ್ರ, ಪ್ಯಾನ್-ಡಿಯಲ್ಲಿ ಡೊಂಪೆರಿಡೋನ್ ಸೇರಿದೆ. ನೆಗಡಿ ಮಾತ್ರೆಯ ಫಿನೈಲ್‌ಎಫ್ರಿನ್ ಕೂಡ ಬೇಡ. ಒಂದೊಂದೇ ನುಂಗಿದಾಗ ಏನೂ ಆಗದೆ, ಎರಡು ಜೊತೆಯಾದಾಗ, ವಾಂತಿಬೇಧಿಯಿಂದ ಪೊಟ್ಯಾಸಿಯಂ ಇಳಿದಾಗ, ಅಪಾಯ ಒಮ್ಮೆಲೇ ಏರುತ್ತದೆ. ಕ್ರೆಡಿಬಲ್‌ಮೆಡ್ಸ್ ಜಾಲತಾಣದಲ್ಲಿ ಪೂರ್ತಿ ಪಟ್ಟಿ ಉಚಿತವಾಗಿ ಸಿಗುತ್ತದೆ. ರೋಗಿಯ ಚೀಟಿಯ ಮೇಲ್ಗಡೆ ಕೆಂಪು ಶಾಯಿಯಲ್ಲಿ 'ಲಾಂಗ್ ಕ್ಯೂಟಿ' ಎಂದು ಬರೆಸಿಕೊಳ್ಳಿ. ಯಾವ ಅಂಗಡಿಗೆ ಹೋದರೂ ಅದನ್ನು ತೋರಿಸಿ.

ಕುಂದಾದ್ರಿ

ಇದಕ್ಕೆ ನಮ್ಮ ಕಡೆಯ ಜ್ವರಗಳನ್ನು ಸೇರಿಸಬೇಕು. ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಎರಡೂ ಕೆಲಸ ಮಾಡುತ್ತವೆ. ಲಾಂಗ್ ಕ್ಯೂಟಿ ಇದ್ದವರಿಗೆ ಡಾಕ್ಸಿಸೈಕ್ಲಿನ್ ಆರಿಸಿಕೊಳ್ಳಬೇಕು. ಇಲಿ ಜ್ವರಕ್ಕೂ ಡಾಕ್ಸಿಸೈಕ್ಲಿನ್, ಸೆಫ್‌ಟ್ರಿಯಾಕ್ಸೋನ್ ಇವೆ. ಮಂಗನ ಕಾಯಿಲೆಗೆ ವೈರಸ್ ಕೊಲ್ಲುವ ಔಷಧಿ ಇಲ್ಲ, ಆದರೆ ವಾಂತಿ ನಿಲ್ಲಿಸಲು ಓಂಡಾನ್‌ಸೆಟ್ರಾನ್ ಚುಚ್ಚುವ ಮೊದಲು ಪೊಟ್ಯಾಸಿಯಂ ನೋಡಿ, ಇಸಿಜಿ ತೆಗೆಯಿರಿ. ಬ್ರುಗಾಡಾದವರಿಗೆ ಜ್ವರವೇ ಶತ್ರು. ಮೈ ಬಿಸಿಯಾದಾಗ ಕೆಟ್ಟ ಸೋಡಿಯಂ ಚಾನೆಲ್ ಇನ್ನೂ ಕೆಡುತ್ತದೆ. ಜ್ವರ ಕಂಡ ಕೂಡಲೇ ಪ್ಯಾರಾಸಿಟಮಾಲ್, ಒದ್ದೆಬಟ್ಟೆ, ಮತ್ತು ಜ್ವರ ಇರುವಾಗಲೇ ಒಂದು ಇಸಿಜಿ. ಡಿಸೆಂಬರಿನಿಂದ ಮೇವರೆಗೆ ಕಾಡಂಚಿನ ಮನೆಗಳಲ್ಲಿ ಇದನ್ನು ನೆನಪಿಡಬೇಕು.

ಚಿಕಿತ್ಸೆಯಲ್ಲಿ ಬೀಟಾ ಬ್ಲಾಕರ್ (ಹೃದಯದ ಮೇಲೆ ಅಡ್ರಿನಲಿನ್ ಹೊಡೆತ ತಗ್ಗಿಸುವ ಮಾತ್ರೆ) ಮೊದಲು. ಎಲ್ಲ ಬೀಟಾ ಬ್ಲಾಕರ್ ಒಂದೇ ಅಲ್ಲ: ಲಾಂಗ್ ಕ್ಯೂಟಿಗೆ ನಾಡೋಲಾಲ್, ಪ್ರೊಪ್ರನೊಲಾಲ್ ಚೆನ್ನಾಗಿ ಕೆಲಸ ಮಾಡುತ್ತವೆ, ಮೆಟೊಪ್ರೊಲಾಲ್ ಅಷ್ಟು ಕಾಪಾಡುವುದಿಲ್ಲ. ಪ್ರೊಪ್ರನೊಲಾಲ್ ದಿನಕ್ಕೆ ಕಿಲೋಗೆ 2–3 ಮಿಲಿಗ್ರಾಂ, ಎರಡು ಮೂರು ಸಲಕ್ಕೆ ಹಂಚಿ. ಪ್ರಮಾಣ ವೈದ್ಯರೇ ಹೊಂದಿಸಬೇಕು. ಕೆಲಸ ಕೆಡುವುದು ಮಾತ್ರೆ ತಪ್ಪಿಸಿದಾಗ. ಮಳೆಗಾಲದಲ್ಲಿ ಬಸ್ಸು ನಿಲ್ಲುವ ಊರಿನವರು ಒಂದು ತಿಂಗಳ ಮಾತ್ರೆ ಮುಂಚೆಯೇ ತಂದಿಟ್ಟುಕೊಳ್ಳಿ, ಒಮ್ಮೆಲೇ ನಿಲ್ಲಿಸಬೇಡಿ. ಉಬ್ಬಸ ಇದ್ದರೆ ಮೊದಲೇ ಹೇಳಿ. ಕೂಸು ಹಾಲು ಬಿಟ್ಟರೆ, ವಾಂತಿ ಮಾಡಿಕೊಂಡರೆ ಸಕ್ಕರೆ ಇಳಿಯುತ್ತದೆ, ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಮೂರನೆಯ ಬಗೆಗೆ ಮೆಕ್ಸಿಲೆಟಿನ್ ಸೇರಿಸುತ್ತಾರೆ, ಸಿಪಿವಿಟಿಗೆ ಫ್ಲೆಕೈನೈಡ್. ಯಾವ ಜೀನ್ ಎಂದು ತಿಳಿದರೆ ಔಷಧಿಯೂ ಬದಲಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಬಾಣಂತಿಯರ ವಿಷಯ ಬೇರೆಯೇ ಹೇಳಬೇಕು. ಎರಡನೆಯ ಬಗೆಯ ಹೆಣ್ಣುಮಕ್ಕಳಿಗೆ ಬಸಿರಿಗಿಂತ ಹೆರಿಗೆಯ ನಂತರದ 9 ತಿಂಗಳು ಹೆಚ್ಚು ಅಪಾಯ. ನಿದ್ದೆಗೇಡು, ಕೂಸು ಚೀರಿದಾಗ ಬೆಚ್ಚಿ ಏಳುವುದು. ಬಾಣಂತನಕ್ಕೆ ತವರಿಗೆ ಹೋಗುವಾಗ ಮಾತ್ರೆಯೂ, ಔಷಧಿ ಪಟ್ಟಿಯೂ ಜೊತೆಗೆ ಹೋಗಲಿ. ಪ್ರೊಪ್ರನೊಲಾಲ್ ತೆಗೆದುಕೊಂಡು ಎದೆಹಾಲು ಕೊಡಬಹುದು.

ಭದ್ರಾ ನಾಲೆ

ವಯಸ್ಸಾದವರಲ್ಲಿ ಏಟ್ರಿಯಲ್ ಫಿಬ್ರಿಲೇಶನ್ (ಎಎಫ್, ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವುದು) ಅಂತ ಬರೆಯುತ್ತಾರಲ್ಲ, ಅದೂ ವಂಶದ್ದೇ?

ಕುಂದಾದ್ರಿ

ಸ್ವಲ್ಪ ಮಟ್ಟಿಗೆ. 2003ರಲ್ಲಿ ಚೀನಾದ ಒಂದು ಕುಟುಂಬದಲ್ಲಿ ಅದೇ ಕೆಸಿಎನ್‌ಕ್ಯೂ1 ಸಿಕ್ಕಿತು. ಅಲ್ಲಿ ಚಾನೆಲ್ ನಿಧಾನವಾಗಿರಲಿಲ್ಲ, ಅತಿಯಾಗಿ ತೆರೆದಿತ್ತು. 2007ರಲ್ಲಿ ಐಸ್‌ಲ್ಯಾಂಡ್‌ನವರು 4ನೇ ವರ್ಣತಂತುವಿನಲ್ಲಿ ಪಿಟ್ಎಕ್ಸ್2 ಜೀನ್ ಪಕ್ಕದ ಜಾಗ ಗುರುತಿಸಿದರು. ಈಗ ಅಂಥ ಜಾಗಗಳು ನೂರು ದಾಟಿವೆ, ಒಂದೊಂದರ ಪಾಲು ಚಿಕ್ಕದು. ಆದರೆ ನಮ್ಮಲ್ಲಿ 40–50ರವರಿಗೆ ಎಎಫ್ ಬಂದರೆ ಮೊದಲು ಎಕೋ ಮಾಡಿಸಿ. ಬಾಲ್ಯದ ಕೀಲುಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿರುವುದು ಇನ್ನೂ ಕಾಣುತ್ತದೆ. ಥೈರಾಯ್ಡ್, ಬಿಪಿ, ಮದ್ಯ ನೋಡಿ. ಅವರಿಗೆ ಜೀನ್ ಪರೀಕ್ಷೆಯ ದುಡ್ಡು ವ್ಯರ್ಥ. 45ರ ಒಳಗೆ, ಬೇರೆ ಕಾರಣವೇ ಇಲ್ಲದೆ, ಜೊತೆಗೆ ಮನೆಯಲ್ಲಿ ಪೇಸ್‌ಮೇಕರ್ ಅಥವಾ ಹಿಗ್ಗಿದ ಹೃದಯ ಇದ್ದರೆ ಮಾತ್ರ ಲ್ಯಾಮಿನ್, ಟೈಟಿನ್ ಜೀನ್‌ಗಳನ್ನು ನೋಡಬೇಕು.

ವರದಾಮೂಲ

ಹೃದಯದ ಸ್ನಾಯು ದಪ್ಪವಾಗುವ ಎಚ್‌ಸಿಎಂ ಕುರಿತು ಒಂದು ಮಾತು, ಇಲ್ಲಿ ಗಾಬರಿ ಹೆಚ್ಚು. ಎಂವೈಬಿಪಿಸಿ3 ಜೀನಿನಲ್ಲಿ 25 ಅಕ್ಷರ ಬಿಟ್ಟುಹೋದ ಬದಲಾವಣೆ ದಕ್ಷಿಣ ಏಷ್ಯಾದ ಸುಮಾರು 4% ಜನರಲ್ಲಿದೆ ಎಂದು 2009ರಲ್ಲಿ ಪ್ರಕಟವಾಯಿತು. ವರದಿಯಲ್ಲಿ ಅದು ಕಂಡಾಕ್ಷಣ ಜನ ಕಂಗಾಲಾಗುತ್ತಾರೆ. ಅದನ್ನು ಹೊತ್ತವರಲ್ಲಿ ಎಚ್‌ಸಿಎಂ ಬರುವವರು ಕೆಲವರೇ, ಮತ್ತು ಅದೇ ವರ್ಣತಂತುವಿನಲ್ಲಿ ಜೊತೆಗೆ ಸಾಗುವ ಇನ್ನೊಂದು ಬದಲಾವಣೆಯೇ ಹೆಚ್ಚಿನ ಅಪಾಯಕ್ಕೆ ಕಾರಣ ಎಂದು ನಂತರದ ಅಧ್ಯಯನ ತೋರಿಸಿದೆ. ಎಕೋ ಮಾಡಿಸಿ, ವೈದ್ಯರು ಹೇಳಿದಷ್ಟು ಕಾಲಕ್ಕೊಮ್ಮೆ ಮತ್ತೆ ಮಾಡಿಸಿ, ಅಷ್ಟು ಸಾಕು.

ಗಾಜನೂರು · ಡಿವೈಸ್ ತಂತ್ರಜ್ಞ

ಐಸಿಡಿ ಹಾಕಿಸಿಕೊಂಡು ತೋಟಕ್ಕೆ ಮರಳುವವರಿಗೆ. ಮೊಬೈಲ್ 15 ಸೆಂಟಿಮೀಟರ್ ದೂರ, ಎಡ ಜೇಬಿನಲ್ಲಿ ಬೇಡ, ಬಲ ಕಿವಿಗೆ ಹಿಡಿಯಿರಿ. ಪೆಟ್ರೋಲ್ ವೀಡ್ ಕಟರ್, ಚೈನ್ ಸಾ ಇವುಗಳ ಸ್ಪಾರ್ಕ್ ಪ್ಲಗ್ ಮತ್ತು ಕಾಯಿಲ್ ಐಸಿಡಿಯಿಂದ 30 ಸೆಂಟಿಮೀಟರ್ ದೂರ ಇರಬೇಕು. ಎಂಜಿನ್ ಬೆನ್ನಿಗೆ ಬರುವ ಕಟರಿನಲ್ಲಿ ಅಷ್ಟು ದೂರ ಸಿಗುವುದು ಕಷ್ಟ. ಪಕ್ಕಕ್ಕೆ ನೇತುಹಾಕುವ ಬಗೆ ವಾಸಿ. ಓಡುತ್ತಿರುವ ಎಂಜಿನ್ನಿನ ಪ್ಲಗ್ ವೈರ್ ಮುಟ್ಟಬಾರದು. ಕರೆಂಟಿನ ಐಬೆಕ್ಸ್ ಬೇಲಿ ತಾಗಿದರೆ ಅದರ ಮಿಡಿತವನ್ನು ಯಂತ್ರ ಹೃದಯದ ಬಡಿತವೆಂದು ತಿಳಿದು ಶಾಕ್ ಕೊಡಬಹುದು, ಗೇಟಿನ ಬಳಿ ಸ್ವಿಚ್ ಇರಲಿ. ವೆಲ್ಡಿಂಗ್ ಬಗ್ಗೆ ನಿಮ್ಮ ಯಂತ್ರ ಹಾಕಿದ ಕಡೆ ಕೇಳದೆ ಕೈ ಹಾಕಬೇಡಿ. ಒಂದು ಶಾಕ್ ಬಂದು ಆರಾಮಾಗಿದ್ದರೆ ಅದೇ ದಿನ ಫೋನ್ ಮಾಡಿ. ಎರಡು ಮೂರು ಬಂದರೆ, ಅಥವಾ ಒಂದೇ ಬಂದು ಎಚ್ಚರ ತಪ್ಪಿದರೆ, 108.

ಮೂರ್ಛೆಯ ಇತಿಹಾಸ ಇರುವವರು ಯಂತ್ರ ಇರಲಿ ಇಲ್ಲದಿರಲಿ ಅಡಿಕೆ ಮರ ಹತ್ತಬಾರದು, ಒಬ್ಬರೇ ಹೊಳೆಗೆ ಇಳಿಯಬಾರದು. ಕೊನೆ ಕೊಯ್ಯಲು, ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿ ಬಂದಿದೆ. ಅದು ವಿದ್ಯುತ್ ಹರಿಸುತ್ತದೆ, ಲೈನಿನ ಕೆಳಗೆ ಎತ್ತಬೇಡಿ.

ಶರಾವತಿ ಕಣಿವೆ

ಕೊನೆಯ ಪ್ರಶ್ನೆ. ಹರೆಯದವರೊಬ್ಬರು ಆಗಲೇ ತೀರಿಕೊಂಡಿದ್ದಾರೆ, ಮರಣೋತ್ತರ ಪರೀಕ್ಷೆಯಲ್ಲಿ 'ಕಾರಣ ಕಂಡುಬಂದಿಲ್ಲ' ಎಂದು ಬಂದಿದೆ. ಉಳಿದವರಿಗಾಗಿ ಏನು ಮಾಡಬಹುದು?

ವರದಾಮೂಲ

ಪರೀಕ್ಷೆ ಇನ್ನೂ ನಡೆದಿಲ್ಲವಾದರೆ, ಶುರುವಾಗುವ ಮೊದಲೇ ವೈದ್ಯರಿಗೂ ತನಿಖಾಧಿಕಾರಿಗೂ ಲಿಖಿತ ಮನವಿ ಕೊಡಿ: ಇಡಿಟಿಎ ಟ್ಯೂಬಿನಲ್ಲಿ 5–10 ಮಿಲಿಲೀಟರ್ ರಕ್ತ ತೆಗೆದಿಡಬೇಕು ಎಂದು. ಈಗ ಇಂಥ ಸಾವಿನ ವಿಚಾರಣೆ ಬಿಎನ್‌ಎಸ್‌ಎಸ್ 194ನೇ ಕಲಮಿನಡಿ, ಹಿಂದೆ ಸಿಆರ್‌ಪಿಸಿ 174. ರಕ್ತ ಫ್ರಿಜ್ಜಿನ 4 ಡಿಗ್ರಿಯಲ್ಲಿ ಕೆಲವು ದಿನ ಇರುತ್ತದೆ, ಹೆಚ್ಚು ಕಾಲಕ್ಕಾದರೆ ಮೈನಸ್ 80ರ ವ್ಯವಸ್ಥೆ ಇರುವಲ್ಲಿಗೆ ಕಳಿಸಬೇಕು. ರಕ್ತ ಸಿಗದಿದ್ದರೆ ಗುಲ್ಮದ ಒಂದು ತುಂಡು, ಫಾರ್ಮಲಿನ್‌ಗೆ ಹಾಕದೆ. ಫಾರ್ಮಲಿನ್ ಸೋಕಿದ ಡಿಎನ್‌ಎ ತುಂಡುತುಂಡಾಗಿ ಓದಲು ಬರದಂತಾಗುತ್ತದೆ, ಎಷ್ಟು ದೊಡ್ಡ ಮಾದರಿ ಇಟ್ಟರೂ ಉಪಯೋಗವಿಲ್ಲ. ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಫಾರ್ಮಲಿನ್ ಬೇಕು, ಹಾಗಾಗಿ ಎರಡೂ ಬೇರೆಬೇರೆ. ಹೀಗೆ ಕಾರಣ ಸಿಗದ ಸಾವುಗಳಲ್ಲಿ ಜೀನ್ ಓದಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಉತ್ತರ ಸಿಗುತ್ತದೆ.

ಏನೂ ಉಳಿದಿಲ್ಲ ಎಂದರೂ ದಾರಿ ಮುಚ್ಚಿಲ್ಲ. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ಎಲ್ಲರಿಗೂ ಇಸಿಜಿ, ಮೇಲಿನ ಸಂದಿಗಳಲ್ಲಿ ವಿ1–ವಿ2, ಎಕೋ, ಟಿಎಂಟಿ. ಇಸಿಜಿ ತಾಲ್ಲೂಕಿನಲ್ಲೇ ಆಗುತ್ತದೆ, ಎಕೋ ಮತ್ತು ಟಿಎಂಟಿಗೆ ಶಿವಮೊಗ್ಗ, ಅನುಮಾನ ಬಂದರೆ ಜಯದೇವ ಆಸ್ಪತ್ರೆಯಂಥ ಕಡೆಯ, ಹೃದಯದ ವಿದ್ಯುತ್ ನೋಡುವ ಎಲೆಕ್ಟ್ರೋಫಿಸಿಯಾಲಜಿ ವಿಭಾಗ. ತೀರಿಹೋದವರ ಹಳೆಯ ಇಸಿಜಿ ಎಲ್ಲಾದರೂ ಇದೆಯಾ ಹುಡುಕಿ. ಯಾವುದೋ ಶಸ್ತ್ರಚಿಕಿತ್ಸೆಗೆ, ಕೆಲಸಕ್ಕೆ ಸೇರುವಾಗಿನ ತಪಾಸಣೆಗೆ ತೆಗೆಸಿದ್ದು ಇರಬಹುದು. ಥರ್ಮಲ್ ಕಾಗದ ಮಾಸುತ್ತದೆ, ಸಿಕ್ಕ ದಿನವೇ ಫೋಟೋ ತೆಗೆದಿಡಿ.